ಕ್ಲೈಮ್ ಕಾಗದ ಕೇಳುವುದು ಇನ್ಶೂರೆನ್ಸ್ ಕಂಪನಿ, ದುಡ್ಡು ಕಟ್ಟುವುದು ನಾವು

ಇಲ್ಲಿ ಬ್ರಿಟನ್‌ನಲ್ಲಿ ನಾಯಿನೋ ಬೆಕ್ಕೋ ಸಾಕಿಕೊಂಡಿರುವವರಿಗೆ ಈ ಸಂಕಟ ಹೊಸದೇನಲ್ಲ. ಪ್ರಾಣಿಗೆ ಹುಷಾರಿಲ್ಲ ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಬಿಲ್ ಕಟ್ಟುತ್ತೇವೆ. ಇನ್ಶೂರೆನ್ಸ್ ಇದೆ, ಕ್ಲೈಮ್ ಮಾಡಬೇಕು ಅಂತ ರಿಸೆಪ್ಷನ್‌ನಲ್ಲಿ ಹೇಳುತ್ತೇವೆ. ಆಗ ಬಿಲ್ಲಿನ ಕೊನೆಗೆ ಇನ್ನೊಂದು ಸಾಲು ಬಂದು ಸೇರಿಕೊಳ್ಳುತ್ತದೆ: ಇನ್ಶೂರೆನ್ಸ್ ಅಡ್ಮಿನ್ ಫೀ. ನಮ್ಮ ಕ್ಲಿನಿಕ್‌ನಲ್ಲಿ ಅದು 15 ಪೌಂಡ್, ಅದರ ಮೇಲೆ 20% ವ್ಯಾಟ್, ಒಟ್ಟು 18 ಪೌಂಡ್. ಅದೂ ಪ್ರತಿ ಕ್ಲೈಮಿಗೆ.

ನನ್ನ ತಕರಾರು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಆ ಕೆಲಸಕ್ಕೆ ದುಡ್ಡು ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೆಲಸ ಇದೆ, ಅದನ್ನು ಯಾರೋ ಕೂತು ಮಾಡಬೇಕು, ಅವರಿಗೆ ಸಂಬಳ ಕೊಡಬೇಕು. ಆದರೆ ಆ ಕಾಗದ ಬೇಕಾಗಿರುವುದು ಇನ್ಶೂರೆನ್ಸ್ ಕಂಪನಿಗೆ. ಯಾವ ಕಾಗದ ಬೇಕು, ಅದರಲ್ಲಿ ಏನೇನು ಇರಬೇಕು, ಯಾರು ಸಹಿ ಹಾಕಬೇಕು ಅಂತ ತೀರ್ಮಾನ ಮಾಡುವವರೂ ಅವರೇ. ಹಾಗಿದ್ದ ಮೇಲೆ ಅದರ ಖರ್ಚೂ ಅವರದೇ ಆಗಬೇಕು ಅಲ್ವಾ? ಈಗ ಆಗುತ್ತಿರುವುದು ಏನೆಂದರೆ, ಕಂಪನಿ ಕ್ಲಿನಿಕ್ಕಿಗೆ ಕೆಲಸ ಹೇಳುತ್ತದೆ, ಕ್ಲಿನಿಕ್ ಅದರ ಬಿಲ್ಲನ್ನು ನಮಗೆ ಕೊಡುತ್ತದೆ, ಮತ್ತು ಸಾಮಾನ್ಯವಾಗಿ ಪಾಲಿಸಿಯಲ್ಲಿ ಈ ಫೀ ಕವರ್ ಆಗುವುದೇ ಇಲ್ಲ. ಅಂದರೆ ಈ ದುಡ್ಡು ನಮಗೆ ಯಾವ ದಾರಿಯಿಂದಲೂ ವಾಪಸ್ ಬರುವುದಿಲ್ಲ.

18 ಪೌಂಡ್ ಏನು ಮಹಾ ಅಂತ ಅನ್ನಿಸಬಹುದು. ಒಂದು ಸಲದ ಆಪರೇಷನ್‌ಗೆ ಕ್ಲೈಮ್ ಮಾಡುವವರಿಗೆ ಅದು ದೊಡ್ಡ ಮೊತ್ತ ಅಲ್ಲ, ನಿಜ. 3,000 ಪೌಂಡಿನ ಬಿಲ್ಲಿನ ಮುಂದೆ ಅದು ಕಣ್ಣಿಗೂ ಕಾಣುವುದಿಲ್ಲ. ಆದರೆ ಬೇನೆ ವರ್ಷವಿಡೀ ಇರುವಂಥದ್ದಾದರೆ ಲೆಕ್ಕವೇ ಬೇರೆ.

ನಮ್ಮ ನಾಯಿ ಲ್ಯಾಬ್ರಡಾರ್. ವಯಸ್ಸು 11 ದಾಟಿದೆ. ಹಿಂಗಾಲಿನ ಕೀಲುಗಳಲ್ಲಿ ಸಂಧಿವಾತ. ತಿಂಗಳಿಗೊಂದು ಲಿಬ್ರೆಲಾ ಇಂಜೆಕ್ಷನ್ ಹಾಕಿಸುತ್ತೇವೆ. ನೋವನ್ನು ಹೆಚ್ಚಿಸುವ ಒಂದು ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುವ ಔಷಧ ಅದು, ಸುಮಾರು ಒಂದು ತಿಂಗಳು ಕೆಲಸ ಮಾಡುತ್ತದೆ, ಆಮೇಲೆ ಮತ್ತೆ ಹಾಕಿಸಬೇಕು. ಅದು ಹಾಕಿಸಿದ ಮೇಲೆ ನಾಯಿ ಮೆಟ್ಟಿಲು ಹತ್ತುತ್ತದೆ, ಬಾಲ ಅಲ್ಲಾಡಿಸಿಕೊಂಡು ಬಾಗಿಲಿಗೆ ಬರುತ್ತದೆ. ಹಾಗಾಗಿ ನಿಲ್ಲಿಸುವ ಮಾತೇ ಇಲ್ಲ. ಒಂದು ಸಲಕ್ಕೆ 75 ಪೌಂಡ್. ನಮ್ಮ ಪಾಲಿಸಿ ಲೈಫ್‌ಟೈಮ್ ಪಾಲಿಸಿ, ಅಂದರೆ ವರ್ಷವರ್ಷವೂ ರಿನ್ಯೂ ಮಾಡಿಸಿಕೊಂಡು ಹೋದರೆ ಅದೇ ಬೇನೆಗೆ ಪ್ರತಿ ವರ್ಷ ಹೊಸ ಮಿತಿಯವರೆಗೆ ದುಡ್ಡು ಕೊಡುತ್ತಾರೆ. ವರ್ಷಕ್ಕೊಮ್ಮೆ ಎಕ್ಸೆಸ್, ಅಂದರೆ ಕಂಪನಿ ಕೊಡಲು ಶುರು ಮಾಡುವ ಮೊದಲಿನ ಒಂದು ನಿಗದಿತ ಮೊತ್ತ, ನಾವು ಕಟ್ಟಬೇಕು. ಜೊತೆಗೆ ನಾಯಿಗೆ ವಯಸ್ಸಾಯಿತು ಅಂತ ಪ್ರತಿ ಬಿಲ್ಲಿನಲ್ಲಿ 20% ನಮ್ಮ ಪಾಲು.

ಈಗ ನೋಡಿ, ಆ ವರ್ಷದ ಎಕ್ಸೆಸ್ ತೀರಿದ ಮೇಲಿನ ಲೆಕ್ಕ. 75ರಲ್ಲಿ ನಮ್ಮ ಪಾಲು 15 ಹೋದರೆ ಕಂಪನಿ ಕೊಡುವುದು 60. ಅದನ್ನು ತೆಗೆದುಕೊಳ್ಳುವುದಕ್ಕೆ ಕ್ಲಿನಿಕ್ಕಿಗೆ 18 ಕೊಡಬೇಕು. ಕೈಗೆ ಉಳಿಯುವುದು 42. ತಿಂಗಳು ತಿಂಗಳು ಕ್ಲೈಮ್ ಮಾಡಿದರೆ ವರ್ಷಕ್ಕೆ 216 ಪೌಂಡ್ ಬರೀ ಕಾಗದಕ್ಕೆ. ಅದರಲ್ಲಿ ಹೆಚ್ಚುಕಮ್ಮಿ ಮೂರು ತಿಂಗಳ ಇಂಜೆಕ್ಷನ್ ಬರುತ್ತಿತ್ತು.

ಸಕ್ಕರೆ ಕಾಯಿಲೆ ಇರುವ ಬೆಕ್ಕು, ಚರ್ಮದ ಅಲರ್ಜಿ ಇರುವ ನಾಯಿ, ಥೈರಾಯ್ಡ್, ಹೃದ್ರೋಗ, ಮೂರ್ಛೆ ರೋಗ... ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಯಾವ ಪ್ರಾಣಿಗೆ ಕಾಯಿಲೆ ಜಾಸ್ತಿ ದಿನ ಇರುತ್ತದೋ ಅದನ್ನು ಸಾಕಿದವರ ಮೇಲೆಯೇ ಈ ಫೀ ಜಾಸ್ತಿ ಬೀಳುತ್ತದೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಕೋಪ ಬರುವುದು ಇಲ್ಲಿಯೇ. ಇನ್ಶೂರೆನ್ಸ್ ಮಾಡಿಸಿದ್ದೇ ಇಂಥ ದಿನಗಳಿಗೆ ಅಂತ.

ಸಣ್ಣ ಬಿಲ್ಲುಗಳ ಕತೆ ಇನ್ನೂ ಕಷ್ಟ. ಆ 20% ಪಾಲು ಇಲ್ಲದ ಪಾಲಿಸಿಯಲ್ಲೇ 140 ಪೌಂಡ್ ಬಿಲ್ ಆಯಿತು ಅಂದುಕೊಳ್ಳಿ. ಎಕ್ಸೆಸ್ 110. ಕಂಪನಿ ಕೊಡಬೇಕಾದದ್ದು 30. ಅದರಲ್ಲಿ 18 ಫೀಗೆ ಹೋದರೆ ಉಳಿಯುವುದು 12. ಆ 12 ಪೌಂಡಿಗಾಗಿ ಫಾರ್ಮ್ ತುಂಬಿ, ವಾರಗಟ್ಟಲೆ ಕಾದು, ಮೇಲೆ ಕ್ಲೈಮ್ ಮಾಡಿದ್ದಾರೆ ಅಂತ ಮುಂದಿನ ವರ್ಷ ಪ್ರೀಮಿಯಂ ಏರಬಹುದು ಅನ್ನುವ ಭಯ ಬೇರೆ. ಹೀಗಾಗಿ ಎಷ್ಟೋ ಜನ ಕ್ಲೈಮ್ ಮಾಡುವುದನ್ನೇ ಬಿಟ್ಟುಬಿಡುತ್ತಾರೆ. ಹಕ್ಕಿನಿಂದ ಬರಬೇಕಾದ ದುಡ್ಡು ಕಂಪನಿಯ ಹತ್ತಿರವೇ ಉಳಿಯುತ್ತದೆ. ಈ ಫೀಯಿಂದ ಕಂಪನಿಗೆ ಹೀಗೂ ಲಾಭ ಇದೆ, ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ.

ಸರಿ, ಆ ಕೆಲಸ ಅಂದರೆ ಏನು ಅಂತ ನಾನು ಒಂದು ದಿನ ರಿಸೆಪ್ಷನ್‌ನಲ್ಲಿ ಇರುವ ಹುಡುಗಿಯನ್ನೇ ಕೇಳಿದೆ. ಜಗಳಕ್ಕಲ್ಲ, ನಿಜವಾಗಿ ತಿಳಿದುಕೊಳ್ಳುವುದಕ್ಕೆ. ಅವಳು ತಾಳ್ಮೆಯಿಂದ ಹೇಳಿದಳು.

ಹೊಸ ಬೇನೆಗೆ ಮೊದಲ ಸಲ ಕ್ಲೈಮ್ ಬಂದರೆ ಕಂಪನಿಯವರು ಪ್ರಾಣಿಯ ಪೂರ್ತಿ ಚಿಕಿತ್ಸಾ ಇತಿಹಾಸ ಕೇಳುತ್ತಾರೆ. ಮರಿಯಾಗಿದ್ದಾಗ ಹಾಕಿಸಿದ ಲಸಿಕೆಯಿಂದ ಹಿಡಿದು ನಿನ್ನೆಯವರೆಗೆ. ನಡುವೆ ಮನೆ ಬದಲಾಯಿಸಿ ಬೇರೆ ಕ್ಲಿನಿಕ್‌ಗೆ ಹೋಗಿದ್ದರೆ ಅಲ್ಲಿಯ ಇತಿಹಾಸವೂ ಬೇಕು. ಬಿಲ್ಲುಗಳನ್ನು ಒಂದೊಂದು ಐಟಂ ಬಿಡಿಸಿ ಕಳಿಸಬೇಕು. ಕ್ಲೈಮಿಗೆ ಸೇರದ್ದನ್ನು, ಅಂದರೆ ಹುಳದ ಮಾತ್ರೆ, ಉಗುರು ಕತ್ತರಿಸಿದ್ದು, ಆಹಾರ, ಇಂಥದ್ದನ್ನೆಲ್ಲ ತೆಗೆಯಬೇಕು. ಬೇನೆಯ ಹೆಸರು, ಅದರ ಲಕ್ಷಣ ಮೊದಲು ಯಾವಾಗ ಕಾಣಿಸಿತು, ಹಿಂದಿನ ಯಾವುದಾದರೂ ಬೇನೆಗೂ ಇದಕ್ಕೂ ಸಂಬಂಧ ಇದೆಯೇ, ಇದನ್ನೆಲ್ಲ ಡಾಕ್ಟರ್ ನೋಡಿ ಬರೆಯಬೇಕು, ಇಲ್ಲ ರಿಸೆಪ್ಷನ್‌ನವರು ಬರೆದದ್ದನ್ನು ಡಾಕ್ಟರ್ ಓದಿ ಒಪ್ಪಬೇಕು. ಅಷ್ಟಾದ ಮೇಲೆ ಕಂಪನಿಯಿಂದ ಪ್ರಶ್ನೆಗಳು ಬರುತ್ತವೆ. ಎರಡು ವರ್ಷದ ಹಿಂದೆ ‘ಸ್ವಲ್ಪ ಕುಂಟುತ್ತಿದೆ’ ಅಂತ ಬರೆದಿದ್ದೀರಲ್ಲ, ಅದು ಯಾವ ಕಾಲು? ಎಡವೋ ಬಲವೋ?

ಆ ಒಂದು ಪ್ರಶ್ನೆಯ ಮೇಲೆ ಸಾವಿರಾರು ಪೌಂಡ್ ನಿಂತಿರುತ್ತದೆ. ಯಾಕೆಂದರೆ ಪಾಲಿಸಿ ಶುರುವಾಗುವ ಮೊದಲೇ ಇದ್ದ ಬೇನೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಪಾಲಿಸಿ ಶುರುವಾದ ಮೊದಲ ಕೆಲವು ದಿನ, ಸಾಮಾನ್ಯವಾಗಿ 14 ದಿನ, ಕಾಣಿಸಿಕೊಂಡ ಕಾಯಿಲೆಗೂ ಕೊಡುವುದಿಲ್ಲ. ಡಾಕ್ಟರ್ ಅವಸರದಲ್ಲಿ ಟೈಪ್ ಮಾಡಿದ ಅರ್ಧ ಸಾಲು, ‘ಆಗಾಗ ಕೆರೆದುಕೊಳ್ಳುತ್ತದಂತೆ’ ಅನ್ನುವ ಒಂದು ಮಾತು, ಮುಂದೆ ಚರ್ಮದ ಅಲರ್ಜಿಯ ಕ್ಲೈಮನ್ನು ಪೂರ್ತಿ ಬೀಳಿಸಿಬಿಡಬಹುದು. ಹಾಗಾಗಿ ಈ ಕಾಗದವನ್ನು ಗಮನ ಇಟ್ಟು ಮಾಡುವವರು ಇದ್ದರೆ ಅವರು ನಮಗೆ ದೊಡ್ಡ ಉಪಕಾರ ಮಾಡುತ್ತಿದ್ದಾರೆ ಅಂತಲೇ ನಾನು ಹೇಳುತ್ತೇನೆ. ಮೊದಲ ಕ್ಲೈಮಿಗೆ 18 ಪೌಂಡ್ ಅಂದರೆ ನನಗೆ ಹೊಟ್ಟೆಯುರಿ ಇಲ್ಲ.

ಆದರೆ ಎರಡನೇ ತಿಂಗಳಿನಿಂದ? ಅದೇ ನಾಯಿ, ಅದೇ ಬೇನೆ, ಅದೇ ಇಂಜೆಕ್ಷನ್. ಕಂಪನಿಯ ಭಾಷೆಯಲ್ಲಿ ಅದು ಕಂಟಿನ್ಯುಯೇಷನ್ ಕ್ಲೈಮ್. ಹಳೆಯ ಇತಿಹಾಸ ಮತ್ತೆ ಬೇಡ. ಹಿಂದಿನ ಕ್ಲೈಮ್ ಆದ ಮೇಲಿನ ನೋಟ್ಸ್ ಮತ್ತು ಒಂದು ಬಿಲ್ ಸಾಕು. ಅದಕ್ಕೂ ಅದೇ 18 ಪೌಂಡ್ ತೆಗೆದುಕೊಳ್ಳುವುದು ಹೇಗೆ ಸರಿ? ಕೆಲವು ಕ್ಲಿನಿಕ್‌ಗಳು ಮೊದಲ ಕ್ಲೈಮಿಗೆ ಮಾತ್ರ ತೆಗೆದುಕೊಳ್ಳುತ್ತವೆ, ಕೆಲವು ಮುಂದಿನದಕ್ಕೆ ಕಡಿಮೆ ಮಾಡುತ್ತವೆ, ಇನ್ನು ಕೆಲವು ಏನೂ ತೆಗೆದುಕೊಳ್ಳುವುದಿಲ್ಲ. ಅಂದರೆ ಬೇರೆ ಥರ ಮಾಡುವುದಕ್ಕೆ ಸಾಧ್ಯ ಇದೆ ಅಂತಾಯಿತು.

ನನ್ನ ಪರಿಚಯದವರೊಬ್ಬರ ಕ್ಲಿನಿಕ್‌ನಲ್ಲಿ ಕ್ಲೈಮ್ ಮೊತ್ತದ ಮೇಲೆ ಶೇಕಡಾವಾರು ಫೀ ಹಾಕುತ್ತಾರಂತೆ. ಇದನ್ನು ನಾನು ಒಪ್ಪುವುದೇ ಇಲ್ಲ. 200 ಪೌಂಡಿನ ಬಿಲ್ಲನ್ನು ಅಪ್‌ಲೋಡ್ ಮಾಡುವುದಕ್ಕೂ 4,000 ಪೌಂಡಿನ ಬಿಲ್ಲನ್ನು ಅಪ್‌ಲೋಡ್ ಮಾಡುವುದಕ್ಕೂ ಹಿಡಿಯುವ ಹೊತ್ತು ಬೇರೆ ಬೇರೆ ಅಲ್ಲ. ಮಾಡಿದ ಕೆಲಸಕ್ಕೆ ದುಡ್ಡು ಕೇಳಿ, ನಾಯಿಗೆ ಬಂದ ಕಾಯಿಲೆ ಎಷ್ಟು ದೊಡ್ಡದು ಅನ್ನುವುದರ ಮೇಲೆ ಕೇಳಬೇಡಿ.

ಡೈರೆಕ್ಟ್ ಕ್ಲೈಮ್ ವಿಷಯ ಮಾತ್ರ ಸ್ವಲ್ಪ ಬೇರೆ. ಅದರಲ್ಲಿ ನಾವು ಬಿಲ್ ಪೂರ್ತಿ ಕಟ್ಟುವುದಿಲ್ಲ. ಎಕ್ಸೆಸ್ ಮತ್ತು ನಮ್ಮ ಪಾಲು ಕಟ್ಟಿ ಪ್ರಾಣಿಯನ್ನು ಮನೆಗೆ ಕರೆದುಕೊಂಡು ಬರುತ್ತೇವೆ, ಉಳಿದದ್ದನ್ನು ಕ್ಲಿನಿಕ್ಕೇ ಕಂಪನಿಯಿಂದ ಪಡೆದುಕೊಳ್ಳುತ್ತದೆ. ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಗಬೇಕು, ಕೈಯಲ್ಲಿ ಸಾವಿರಗಟ್ಟಲೆ ಪೌಂಡ್ ಇಲ್ಲ ಅನ್ನುವವರಿಗೆ ಇದು ನಿಜವಾಗಿ ಜೀವ ಉಳಿಸುವ ವ್ಯವಸ್ಥೆ. ಕ್ಲಿನಿಕ್ ಅಷ್ಟು ದುಡ್ಡಿಗಾಗಿ ವಾರಗಟ್ಟಲೆ ಕಾಯಬೇಕು, ಕೊನೆಗೆ ಕಂಪನಿ ಇಲ್ಲ ಅಂದುಬಿಟ್ಟರೆ ನಮ್ಮ ಹಿಂದೆ ಬೀಳಬೇಕು, ನಾವು ಕೊಡದಿದ್ದರೆ ಅವರಿಗೇ ನಷ್ಟ. ಅದಕ್ಕೆ ಅವರು ಫೀ ತೆಗೆದುಕೊಂಡರೆ ಅದು ನಮಗೆ ಸಾಲ ಕೊಟ್ಟ ಹಾಗೆ, ಅರ್ಥ ಆಗುತ್ತದೆ. ಆದರೆ ಬಿಲ್ಲನ್ನು ಕೌಂಟರಿನಲ್ಲೇ ಪೂರ್ತಿ ಕಟ್ಟಿ, ದುಡ್ಡು ವಾಪಸ್ ಬರುವವರೆಗೆ ಕಾಯುವ ನನ್ನಂಥವರಿಗೂ ಅದೇ ಫೀ ಹಾಕಿದರೆ?

ಈಗ ಇದು ಯಾರ ಖರ್ಚು ಅನ್ನುವ ಮಾತಿಗೆ ಬರೋಣ. ಮನುಷ್ಯರ ವಿಷಯದಲ್ಲಿ ಇದೇ ದೇಶದಲ್ಲಿ ಏನು ನಡೆಯುತ್ತದೆ ನೋಡಿ. ನೀವು ಲೈಫ್ ಇನ್ಶೂರೆನ್ಸ್‌ಗೆ ಅರ್ಜಿ ಹಾಕುತ್ತೀರಿ. ನಿಮ್ಮ ಆರೋಗ್ಯದ ಬಗ್ಗೆ ಕಂಪನಿಗೆ ಅನುಮಾನ ಬಂದರೆ ನಿಮ್ಮ ಜಿಪಿಯಿಂದ, ಅಂದರೆ ನಿಮ್ಮ ಫ್ಯಾಮಿಲಿ ಡಾಕ್ಟರಿಂದ, ವರದಿ ತರಿಸಿಕೊಳ್ಳುತ್ತಾರೆ. ನಿಮ್ಮ ಒಪ್ಪಿಗೆ ಬೇಕು, ಅದಕ್ಕೆ 1988ರ ಕಾನೂನೇ ಇದೆ. ಆ ವರದಿ ಬರೆದದ್ದಕ್ಕೆ ಜಿಪಿಗೆ ಫೀ ಹೋಗುತ್ತದೆ. ಕೊಡುವವರು ಯಾರು? ಇನ್ಶೂರೆನ್ಸ್ ಕಂಪನಿ. ಅದು ಅವರ ವ್ಯಾಪಾರದ ಖರ್ಚು, ಅಷ್ಟೇ. ಅದರಲ್ಲಿ ಯಾರಿಗೂ ವಿಚಿತ್ರ ಅನ್ನಿಸಿಲ್ಲ. ಹಾಗಂತ ಮನುಷ್ಯರ ಲೋಕದಲ್ಲಿ ಎಲ್ಲವೂ ಸರಿಯಾಗಿದೆ ಅಂತಲ್ಲ, ಖಾಸಗಿ ಮೆಡಿಕಲ್ ಇನ್ಶೂರೆನ್ಸ್ ಕ್ಲೈಮಿನ ಫಾರ್ಮಿಗೆ ಎಷ್ಟೋ ಜಿಪಿಗಳು ರೋಗಿಯಿಂದಲೇ ದುಡ್ಡು ತೆಗೆದುಕೊಳ್ಳುತ್ತಾರೆ. ಆದರೆ ಕಂಪನಿ ಕೇಳಿದ ಮಾಹಿತಿಗೆ ಕಂಪನಿಯೇ ಡಾಕ್ಟರಿಗೆ ದುಡ್ಡು ಕೊಡುವ ಪದ್ಧತಿ ಈ ದೇಶದಲ್ಲಿ ಆಗಲೇ ಇದೆ, ವರ್ಷಾನುಗಟ್ಟಲೆಯಿಂದ ನಡೆದುಕೊಂಡು ಬಂದಿದೆ. ನಾಯಿ ಬೆಕ್ಕುಗಳಿಗೆ ಅದನ್ನು ತರುವುದಕ್ಕೆ ಯಾವ ಅಡ್ಡಿ ಇದೆ?

ಕಂಪನಿಗಳು ಹೇಳುವ ಉತ್ತರ ನನಗೆ ಗೊತ್ತು. ನಾವು ಕೊಟ್ಟರೆ ಪ್ರೀಮಿಯಂ ಏರುತ್ತದೆ, ಕೊನೆಗೆ ಕೊಡುವವರು ನೀವೇ ಅಂತ. ಏರಲಿ. ಇನ್ಶೂರೆನ್ಸ್ ಅಂದರೆ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವುದೇ ತಾನೇ? ಈಗ ಆ ಖರ್ಚು ಕಾಯಿಲೆ ಬಿದ್ದ ಪ್ರಾಣಿಗಳ ಮನೆಗಳ ಮೇಲೆ ಮಾತ್ರ ಬೀಳುತ್ತಿದೆ. ಅದನ್ನು ಎಲ್ಲ ಪಾಲಿಸಿಗಳ ಮೇಲೆ ಹರಡಿದರೆ ಒಬ್ಬೊಬ್ಬರಿಗೆ ಬರುವುದು ಸ್ವಲ್ಪವೇ. ಇನ್ನೊಂದು ಮುಖ್ಯ ಮಾತು. ಖರ್ಚು ತಮ್ಮದೇ ಆದ ದಿನ ಕಂಪನಿಗಳು ತಾವೇ ಫಾರ್ಮನ್ನು ಚಿಕ್ಕದು ಮಾಡುತ್ತವೆ. ಬೇಡದ ಪ್ರಶ್ನೆ ಕಡಿಮೆ ಮಾಡುತ್ತವೆ. ತಿಂಗಳ ಇಂಜೆಕ್ಷನ್‌ಗೆ ವರ್ಷಕ್ಕೊಂದೇ ಒಪ್ಪಿಗೆ ಕೊಟ್ಟು ಆಮೇಲೆ ಬರೀ ಬಿಲ್ ಸಾಕು ಅಂತ ಹೇಳುತ್ತವೆ. ಈಗ ಪ್ರಶ್ನೆ ಕೇಳುವುದಕ್ಕೆ ಅವರಿಗೆ ಏನೂ ಖರ್ಚಿಲ್ಲ, ಹಾಗಾಗಿ ಕೇಳುತ್ತಲೇ ಇರುತ್ತಾರೆ.

ಇದು ಸಣ್ಣ ವ್ಯಾಪಾರವೂ ಅಲ್ಲ. 2022ರಲ್ಲಿ ಬ್ರಿಟನ್ನಿನ ಕಂಪನಿಗಳು ಸಾಕುಪ್ರಾಣಿಗಳ ಕ್ಲೈಮಿಗೆ ಕೊಟ್ಟ ದುಡ್ಡು 100 ಕೋಟಿ ಪೌಂಡ್ ಮುಟ್ಟಿತು. ನಾವು ಕಟ್ಟುವ ಪ್ರೀಮಿಯಂನಲ್ಲಿ 12% ಇನ್ಶೂರೆನ್ಸ್ ಪ್ರೀಮಿಯಂ ಟ್ಯಾಕ್ಸ್ ಸೇರಿರುತ್ತದೆ. ಅಂದರೆ ಪಾಲಿಸಿ ತೆಗೆದುಕೊಳ್ಳುವಾಗ ಒಂದು ತೆರಿಗೆ, ಚಿಕಿತ್ಸೆಗೆ 20% ವ್ಯಾಟ್, ಕ್ಲೈಮ್ ಮಾಡುವ ಫೀಗೆ ಮತ್ತೆ ವ್ಯಾಟ್.

ಇತ್ತೀಚೆಗೆ ಎಷ್ಟೋ ಕಂಪನಿಗಳು ಆ್ಯಪ್ ತಂದಿವೆ. ಬಿಲ್ಲಿನ ಫೋಟೋ ತೆಗೆದು ಹಾಕಿ, ಮುಗಿಯಿತು ಅಂತ ಜಾಹೀರಾತು ಕೊಡುತ್ತಾರೆ. ನಾನೂ ಅದೇ ಥರ ಬಿಲ್ ಹಾಕಿ ಎಲ್ಲ ವಿವರ ತುಂಬಿದೆ. ಆಮೇಲೆ ಕಂಪನಿ ಸೀದಾ ಕ್ಲಿನಿಕ್‌ಗೆ ಮೇಲ್ ಕಳಿಸಿ ನೋಟ್ಸ್ ಕೇಳಿತು. ಕ್ಲಿನಿಕ್ ಆ ಮೇಲ್‌ಗೆ ಉತ್ತರ ಕೊಟ್ಟದ್ದಕ್ಕೆ ನನ್ನ ಹೆಸರಿಗೆ 18 ಪೌಂಡ್ ಬಿಲ್ ಹಾಕಿತು. ನಾನು ಕ್ಲಿನಿಕ್‌ಗೆ ಏನನ್ನೂ ಕೇಳಿರಲಿಲ್ಲ! ಇಬ್ಬರು ವ್ಯಾಪಾರಸ್ಥರ ನಡುವೆ ನಡೆದ ಮೇಲ್‌ಗೆ ಮೂರನೆಯವರು ದುಡ್ಡು ಕೊಡುವುದು ಎಲ್ಲಿಯ ನ್ಯಾಯ? ಕ್ಲಿನಿಕ್‌ಗೆ ಬರೆದು ಕೇಳಿದ್ದಕ್ಕೆ ಅದು ನಮ್ಮ ಪದ್ಧತಿ ಅಂದರು. ಕಂಪನಿಗೆ ಬರೆದದ್ದಕ್ಕೆ ಕ್ಲಿನಿಕ್ ಫೀ ನಮ್ಮ ಕೈಯಲ್ಲಿಲ್ಲ ಅಂದರು.

ಈ ‘ಪದ್ಧತಿ’ಯನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಹುಡುಕಿದರೆ ಸಿಗುವ ಉತ್ತರ ಬೇಸರ ತರಿಸುತ್ತದೆ. ಇಲ್ಲಿ ಪ್ರಾಣಿ ವೈದ್ಯರನ್ನು ನಿಯಂತ್ರಿಸುವುದು ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್. ಅದು ನಡೆಯುವುದು 1966ರ ಕಾಯ್ದೆಯ ಮೇಲೆ. ಆ ಕಾಯ್ದೆ ಡಾಕ್ಟರುಗಳನ್ನು ಒಬ್ಬೊಬ್ಬರನ್ನಾಗಿ ನೋಡುತ್ತದೆ, ಕ್ಲಿನಿಕ್ ನಡೆಸುವ ಕಂಪನಿಯನ್ನು ನೋಡುವುದಿಲ್ಲ. ಆ ಕಾಲಕ್ಕೆ ಅದು ಸರಿಯಿತ್ತು, ಆಗ ಕ್ಲಿನಿಕ್‌ನ ಒಡೆಯರೂ ಡಾಕ್ಟರೇ ಆಗಿರುತ್ತಿದ್ದರು. 1999ರಿಂದ ಈಚೆಗೆ ಡಾಕ್ಟರಲ್ಲದವರೂ ಕ್ಲಿನಿಕ್ ಇಟ್ಟುಕೊಳ್ಳಬಹುದು. 2013ರಲ್ಲಿ ಸುಮಾರು 10% ಕ್ಲಿನಿಕ್‌ಗಳು ದೊಡ್ಡ ಗುಂಪುಗಳ ಕೈಯಲ್ಲಿದ್ದವು, ಹತ್ತು ವರ್ಷದೊಳಗೆ ಅದು 60% ಹತ್ತಿರ ಬಂತು. ಬೋರ್ಡಿನ ಮೇಲೆ ಹಳೆಯ ಹೆಸರೇ ಇರುತ್ತದೆ, ಡಾಕ್ಟರೂ ಅವರೇ ಇರುತ್ತಾರೆ, ಫೀ ಎಷ್ಟು ಅನ್ನುವುದನ್ನು ಬೇರೆ ಊರಿನ ಆಫೀಸಿನಲ್ಲಿ ತೀರ್ಮಾನ ಮಾಡಿರುತ್ತಾರೆ. ರಿಸೆಪ್ಷನ್ ಹುಡುಗಿಯ ಮೇಲೆ ರೇಗಿ ಏನೂ ಪ್ರಯೋಜನ ಇಲ್ಲ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ದಯವಿಟ್ಟು ಅವರ ಮೇಲೆ ಕೂಗಾಡಬೇಡಿ. ಸತ್ತ ನಾಯಿಯನ್ನು ಎತ್ತಿಕೊಂಡು ಹೋಗುವವರನ್ನೂ, ಬಿಲ್ ನೋಡಿ ಅಳುವವರನ್ನೂ ದಿನವೂ ಸಮಾಧಾನ ಮಾಡುವವರು ಅವರು.

ವ್ಯಾಪಾರದಲ್ಲಿ ಪೈಪೋಟಿ ಸರಿಯಾಗಿದೆಯೇ ಅಂತ ನೋಡುವ ಸರ್ಕಾರಿ ಸಂಸ್ಥೆ ಕಾಂಪಿಟಿಷನ್ ಅಂಡ್ ಮಾರ್ಕೆಟ್ಸ್ ಅಥಾರಿಟಿ, ಅಂದರೆ ಸಿಎಂಎ, 2023ರ ಸೆಪ್ಟೆಂಬರಿನಲ್ಲಿ ಈ ಇಡೀ ವ್ಯಾಪಾರವನ್ನು ನೋಡಲು ಶುರು ಮಾಡಿತು. ಜನರಿಂದ ಅಭಿಪ್ರಾಯ ಕೇಳಿದರೆ ಸುಮಾರು 56,000 ಉತ್ತರ ಬಂದವು. 2024ರ ಮೇ ತಿಂಗಳಲ್ಲಿ ಪೂರ್ಣ ತನಿಖೆ ಶುರುವಾಯಿತು. 2025ರ ಅಕ್ಟೋಬರಿನಲ್ಲಿ ತಾತ್ಕಾಲಿಕ ತೀರ್ಮಾನ ಹೊರಬಂತು. 2016ರಿಂದ 2023ರವರೆಗೆ ಪ್ರಾಣಿ ಚಿಕಿತ್ಸೆಯ ಬೆಲೆ ಸರಾಸರಿ 63% ಏರಿದೆ ಅಂತ ಅದರಲ್ಲಿ ಇದೆ. ದೊಡ್ಡ ಗುಂಪುಗಳ ಕ್ಲಿನಿಕ್‌ಗಳಲ್ಲಿ ಬೆಲೆ ಸ್ವತಂತ್ರ ಕ್ಲಿನಿಕ್‌ಗಳಿಗಿಂತ ಸರಾಸರಿ 16.6% ಜಾಸ್ತಿ ಅಂತಲೂ ಇದೆ. ಕ್ಲಿನಿಕ್‌ಗಳು ಬೆಲೆಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು, ತಾವು ಯಾವ ಗುಂಪಿಗೆ ಸೇರಿದವರು ಅಂತ ಹೇಳಬೇಕು, 500 ಪೌಂಡ್ ದಾಟುವ ಚಿಕಿತ್ಸೆಗೆ ಮೊದಲೇ ಬರವಣಿಗೆಯಲ್ಲಿ ಅಂದಾಜು ಕೊಡಬೇಕು, ಔಷಧದ ಚೀಟಿ ಬರೆದುಕೊಡುವುದಕ್ಕೆ 16 ಪೌಂಡ್‌ಗಿಂತ ಜಾಸ್ತಿ ತೆಗೆದುಕೊಳ್ಳಬಾರದು, ಇವೆಲ್ಲ ಆ ತಾತ್ಕಾಲಿಕ ತೀರ್ಮಾನದಲ್ಲಿ ಅದು ಮುಂದಿಟ್ಟಿದ್ದ ಕ್ರಮಗಳು.

ಆ ಚೀಟಿಯ ಮಾತು ನನಗೆ ತುಂಬ ಮುಖ್ಯ ಅನ್ನಿಸಿತು. ಹೊರಗೆ ಆನ್‌ಲೈನಿನಲ್ಲಿ ಔಷಧ ಅಗ್ಗಕ್ಕೆ ಸಿಗುತ್ತದೆ, ಆದರೆ ಚೀಟಿ ಬರೆದುಕೊಡಲು ಕ್ಲಿನಿಕ್ ಜಾಸ್ತಿ ಫೀ ಹಾಕಿದರೆ ಜನ ಸುಮ್ನೆ ಕ್ಲಿನಿಕ್‌ನಲ್ಲೇ ತೆಗೆದುಕೊಂಡುಬಿಡುತ್ತಾರೆ. ಅದಕ್ಕೇ ಮಿತಿ ಬೇಕು ಅಂತ ಸಿಎಂಎಗೆ ಅನ್ನಿಸಿದ್ದು. ಕ್ಲೈಮ್ ಫೀಯೂ ಥೇಟ್ ಅದೇ ಥರದ್ದು. ಬೇರೆಯವರ ಹತ್ತಿರ ಮಾಡಿಸಿಕೊಳ್ಳಲು ಆಗದ ಕೆಲಸ. ನಮ್ಮ ನಾಯಿಯ ಇತಿಹಾಸ ಇರುವುದು ಆ ಒಂದು ಕಂಪ್ಯೂಟರಿನಲ್ಲಿ. ಫಾರ್ಮ್ ತುಂಬಿಸಲು ಪಕ್ಕದ ಕ್ಲಿನಿಕ್‌ಗೆ ಹೋಗಿ ಅಲ್ಲಿ ಅಗ್ಗ ಇದೆಯಾ ಅಂತ ಕೇಳಲು ಆಗುತ್ತಾ? ಪೈಪೋಟಿಯೇ ಇಲ್ಲದ ಕಡೆ ಬೆಲೆ ಎಷ್ಟು ಬೇಕಾದರೂ ಏರಬಹುದು. ಹಾಗಾಗಿ ಚೀಟಿಗೆ ಮಿತಿ ಬೇಕು ಅನ್ನುವವರು ಇದಕ್ಕೂ ಬೇಕು ಅನ್ನಲೇಬೇಕು. ಕಡೇ ಪಕ್ಷ ಬೆಲೆಪಟ್ಟಿಯಲ್ಲಿ ಕನ್ಸಲ್ಟೇಷನ್ ಪಕ್ಕದಲ್ಲೇ ಈ ಫೀಯನ್ನೂ ಬರೆದಿರಬೇಕು. ಮರಿಯನ್ನು ಮೊದಲ ಸಲ ಕರೆದುಕೊಂಡು ಬಂದು ಹೆಸರು ಬರೆಸುವ ದಿನವೇ ಇದು ನಮಗೆ ಗೊತ್ತಾಗಬೇಕು, ಹನ್ನೊಂದು ವರ್ಷ ಆದ ಮೇಲೆ ಬಿಲ್ಲಿನ ಕೊನೆಯ ಸಾಲಿನಲ್ಲಿ ಅಲ್ಲ.

ಇದೆಲ್ಲ ಸರಿಹೋಗುವವರೆಗೆ ನಾವು ಏನು ಮಾಡಬಹುದು? ನಾನು ಮಾಡುತ್ತಿರುವುದನ್ನು ಹೇಳುತ್ತೇನೆ.

ತಿಂಗಳು ತಿಂಗಳು ಕ್ಲೈಮ್ ಮಾಡುವುದನ್ನು ಬಿಟ್ಟಿದ್ದೇನೆ. ಮೂರು ತಿಂಗಳ ಬಿಲ್ ಒಟ್ಟು ಸೇರಿಸಿ ಒಂದೇ ಕ್ಲೈಮ್. ವರ್ಷಕ್ಕೆ 216 ಇದ್ದ ಫೀ 72ಕ್ಕೆ ಇಳಿಯಿತು. ಆದರೆ ಇದನ್ನು ಮಾಡುವ ಮೊದಲು ನಿಮ್ಮ ಪಾಲಿಸಿಯ ಪುಸ್ತಕ ತೆಗೆದು ನೋಡಿ, ಚಿಕಿತ್ಸೆ ಆದ ಎಷ್ಟು ದಿನದೊಳಗೆ ಕ್ಲೈಮ್ ಮಾಡಬೇಕು ಅಂತ ಒಂದು ಗಡುವು ಇರುತ್ತದೆ, ಅದು ಕಂಪನಿಯಿಂದ ಕಂಪನಿಗೆ ಬೇರೆ. ಪಾಲಿಸಿ ವರ್ಷ ಮುಗಿಯುವ ಹೊತ್ತಿಗೆ ಆ ವರ್ಷದ ಬಿಲ್ಲುಗಳನ್ನೆಲ್ಲ ಬೇರೆಯಾಗಿ ಕಳಿಸಿಬಿಡಿ, ಎರಡು ವರ್ಷದ್ದು ಬೆರಕೆಯಾದರೆ ಎಕ್ಸೆಸ್ ಲೆಕ್ಕದಲ್ಲಿ ಗೊಂದಲ ಆಗುತ್ತದೆ. ಮತ್ತೆ, ಮೂರು ತಿಂಗಳು ದುಡ್ಡು ವಾಪಸ್ ಬರದೆ ನಿಭಾಯಿಸುವ ಶಕ್ತಿ ಇರುವವರಿಗೆ ಮಾತ್ರ ಈ ದಾರಿ. ಇಲ್ಲದವರು ಜಾಸ್ತಿ ಫೀ ಕೊಡುತ್ತಲೇ ಇರಬೇಕು, ಅದು ನನ್ನನ್ನು ಕಾಡುತ್ತದೆ.

ಇನ್ನೊಂದು ಕೆಲಸ, ಪ್ರಾಣಿಯ ಚಿಕಿತ್ಸಾ ಇತಿಹಾಸದ ಪ್ರತಿಯನ್ನು ನೀವೇ ಇಟ್ಟುಕೊಳ್ಳಿ. ಕೇಳಿದರೆ ಸಂಬಂಧಪಟ್ಟ ದಾಖಲೆಗಳ ಪ್ರತಿ ಕೊಡಬೇಕು ಅಂತ ರಾಯಲ್ ಕಾಲೇಜಿನ ನಿಯಮವೇ ಹೇಳುತ್ತದೆ. ಪ್ರತಿ ಸಲ ಹೋದಾಗ ಅವತ್ತಿನ ನೋಟ್ಸ್ ಮೇಲ್ ಮಾಡಿ ಅಂತ ನಾನು ಕೇಳುತ್ತೇನೆ. ಬಂದ ಮೇಲೆ ಓದುತ್ತೇನೆ. ತಪ್ಪಿದ್ದರೆ, ಎಡಗಾಲು ಬಲಗಾಲು ಅದಲುಬದಲಾಗಿದ್ದರೆ, ಆಗಲೇ ಹೇಳಿ ಸರಿ ಮಾಡಿಸುತ್ತೇನೆ. ಕ್ಲೈಮ್ ಬಿದ್ದುಹೋದ ಮೇಲೆ ನೋಟ್ಸ್ ಬದಲಾಯಿಸಿ ಅಂತ ಹೋದರೆ ಯಾವ ಡಾಕ್ಟರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಬಿಲ್ ಮತ್ತು ನೋಟ್ಸ್ ಎರಡನ್ನೂ ನಾವೇ ಆ್ಯಪ್‌ಗೆ ಹಾಕಿದರೆ ಕೆಲವು ಕಂಪನಿಗಳು ಕ್ಲಿನಿಕ್‌ಗೆ ಹೋಗದೆಯೇ ದುಡ್ಡು ಕೊಡುತ್ತವೆ. ನಮ್ಮ ಕಂಪನಿ ಒಂದೊಂದು ಸಲ ಒಪ್ಪುತ್ತದೆ, ಒಂದೊಂದು ಸಲ ಕ್ಲಿನಿಕ್‌ನಿಂದಲೇ ಬರಬೇಕು ಅನ್ನುತ್ತದೆ. ಯಾವಾಗ ಒಪ್ಪುತ್ತಾರೆ ಅನ್ನುವುದು ಅವರಿಗೇ ಸ್ಪಷ್ಟ ಇದ್ದ ಹಾಗೆ ಕಾಣುವುದಿಲ್ಲ.

ಕ್ಲಿನಿಕ್‌ನಲ್ಲಿ ಕೇಳಬೇಕಾದದ್ದು: ಫೀ ಎಷ್ಟು, ವ್ಯಾಟ್ ಸೇರಿಯೇ, ಮೊದಲ ಕ್ಲೈಮಿಗೂ ಮುಂದಿನದಕ್ಕೂ ಒಂದೇ ಥರವೇ, ಕಂಪನಿಯವರೇ ಸೀದಾ ನೋಟ್ಸ್ ಕೇಳಿದರೂ ಹಾಕುತ್ತೀರಾ, ಕ್ಲೈಮ್ ತಿರಸ್ಕಾರ ಆದರೂ ಕೊಡಬೇಕಾ. ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ತಿಂಗಳ ಕಂತಿನಲ್ಲಿ ಹುಳದ ಔಷಧ, ಲಸಿಕೆ ಎಲ್ಲ ಸೇರಿದ ಹೆಲ್ತ್ ಪ್ಲಾನ್ ನಿಮಗಿದ್ದರೆ ಅದರಲ್ಲಿ ಈ ಫೀಗೆ ಏನಾದರೂ ರಿಯಾಯಿತಿ ಇದೆಯಾ ಅಂತಲೂ ಕೇಳಿ ನೋಡಿ.

ಮೊದಲೇ ಹೇಳದೆ ಹಾಕಿದ ಫೀಯನ್ನು ನಾನು ಸುಮ್ಮನೆ ಕಟ್ಟುವುದಿಲ್ಲ. ಮೊದಲು ಪ್ರ್ಯಾಕ್ಟೀಸ್ ಮ್ಯಾನೇಜರಿಗೆ ಬರೆಯಿರಿ, ಅಲ್ಲಿ ಆಗದಿದ್ದರೆ ವೆಟರ್ನರಿ ಕ್ಲೈಂಟ್ ಮೀಡಿಯೇಷನ್ ಸರ್ವಿಸ್ ಅಂತ ಇದೆ, ಇಬ್ಬರ ನಡುವೆ ಕೂತು ಮಾತಾಡಿಸುತ್ತಾರೆ, ಅದಕ್ಕೆ ನಾವು ದುಡ್ಡು ಕೊಡಬೇಕಿಲ್ಲ. ಆದರೆ ಎರಡೂ ಕಡೆಯವರು ಒಪ್ಪಿದರೆ ಮಾತ್ರ ಅದು ನಡೆಯುತ್ತದೆ, ಅವರು ಯಾರ ಮೇಲೂ ತೀರ್ಪು ಹೇರುವುದಿಲ್ಲ. ಕಂಪನಿಯ ಮೇಲೆ ದೂರು ಇದ್ದರೆ, ಅಂದರೆ ಒಂದೇ ಕಾಗದವನ್ನು ಮತ್ತೆ ಮತ್ತೆ ಕೇಳಿ ಮತ್ತೆ ಮತ್ತೆ ಫೀ ಬೀಳುವ ಹಾಗೆ ಮಾಡಿದರೆ, ಅವರಿಗೆ ಬರವಣಿಗೆಯಲ್ಲಿ ದೂರು ಕೊಡಿ. 8 ವಾರದೊಳಗೆ ಅವರು ಕೊನೆಯ ಉತ್ತರ ಕೊಡಬೇಕು. ಕೊಡದಿದ್ದರೆ, ಇಲ್ಲವೇ ಕೊಟ್ಟದ್ದು ಸರಿಯಿಲ್ಲ ಅನ್ನಿಸಿದರೆ, ಇಂಥ ದೂರುಗಳನ್ನು ವಿಚಾರಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಆ ಕೊನೆಯ ಉತ್ತರ ಬಂದ 6 ತಿಂಗಳೊಳಗೆ ಹೋಗಬೇಕು ಅನ್ನುವುದನ್ನು ನೆನಪಿಡಿ.

ಈ ಸಲದ ರಿನ್ಯೂವಲ್‌ಗೆ ಮೊದಲು ನಾನು ಕಂಪನಿಗೆ ಬರೆದ ಪತ್ರದಲ್ಲಿ ಎರಡೇ ಪ್ರಶ್ನೆ ಇಟ್ಟಿದ್ದೇನೆ. ತಿಂಗಳ ಇಂಜೆಕ್ಷನ್‌ಗೆ ಬರೀ ಬಿಲ್ ಸಾಕು ಅಂತ ಒಪ್ಪುತ್ತೀರಾ? ಒಪ್ಪದಿದ್ದರೆ ನೀವು ಕೇಳುವ ಕಾಗದದ ಫೀ ನೀವೇ ಕೊಡುತ್ತೀರಾ? ವಯಸ್ಸಾದ ನಾಯಿ, ಬೇರೆ ಕಂಪನಿಗೆ ಹೋದರೆ ಈಗಿರುವ ಬೇನೆಗೆ ಅಲ್ಲಿ ಏನೂ ಸಿಗುವುದಿಲ್ಲ, ನನ್ನ ಕೈ ಕಟ್ಟಿದೆ ಅಂತ ಅವರಿಗೂ ಗೊತ್ತು. ಆದರೂ ಬರೆದಿದ್ದೇನೆ, ಅದರ ಪ್ರತಿಯನ್ನು ನಮ್ಮ ಪಾರ್ಲಿಮೆಂಟ್ ಸದಸ್ಯರಿಗೂ ಕಳಿಸಿದ್ದೇನೆ. ನೀವೂ ಇದೇ ಎರಡು ಪ್ರಶ್ನೆ ನಿಮ್ಮ ಕಂಪನಿಗೆ ಬರೆದು ಕೇಳಿ, ಅವರು ಏನಂದರು ಅಂತ ನನಗೆ ತಿಳಿಸಿ.